ಸವಾಲು–ಜವಾಬಿನ ಮರ್ಯಾದೆ: ಚಿಟಗುಪ್ಪ ಪರಿಸರದ ವಾದಪರಂಪರೆ ಮತ್ತು ಜಾನಪದ ವಿಮರ್ಶೆ

ಬೀದರ ಜಿಲ್ಲೆಯ ಜಾನಪದವನ್ನು ಕುರಿತ ಬರಹಗಳಲ್ಲಿ ‘ಭಾವೈಕ್ಯ’, ‘ಸೌಹಾರ್ದ’, ‘ಸಂಗಮ’ ಎಂಬ ಮೂರು ಪದಗಳು ಕಾಣಿಸಿಕೊಳ್ಳದ ಪುಟ ಅಪರೂಪ. ಮೊಹರಮ್ಮಿನ ಪದಗಳಾಗಲಿ, ತತ್ವಪದಗಳಾಗಲಿ, ದರ್ಗಾದ ಉರುಸುಗಳಾಗಲಿ ಈ ಮೂರು ಪದಗಳ ಉದಾಹರಣೆಗಳಾಗಿ ಓದುಗರೆದುರು ಬಂದು ನಿಲ್ಲುತ್ತವೆ. ಇಂತಹ ಬರಹಗಳ ಉದ್ದೇಶ ಒಳ್ಳೆಯದೆಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಜನ ಒಂದಾಗಿದ್ದರೆಂಬುದನ್ನು ಸಾಧಿಸುವ ಆತುರದಲ್ಲಿ, ಜನ ಯಾವುದರ ಬಗ್ಗೆ ಭಿನ್ನವಾಗಿದ್ದರು, ಆ ಭಿನ್ನತೆಯನ್ನು ಎದುರುಬದುರು ಕುಳಿತು ಹೇಗೆ ಆಡುತ್ತಿದ್ದರು ಎಂಬುದು ವಿಮರ್ಶೆಯಿಂದ ಜಾರಿಹೋಗಿದೆ. ಜನಪದರಿಗೆ ಜಗಳವೇ ಗೊತ್ತಿರಲಿಲ್ಲವೆಂಬ ಭಾವನೆಯನ್ನು ಈ ಪರಿಭಾಷೆ ಬಿತ್ತುತ್ತದೆ. ಜಗಳವಾಡಲು ಅವರು ಕಟ್ಟಿಕೊಂಡಿದ್ದ ಶಿಸ್ತು ಅದರ ಅಳತೆಗೆ ಸಿಗುವುದಿಲ್ಲ.

ಈ ಪ್ರಶ್ನೆಯನ್ನು ಪರಿಶೀಲಿಸಲು ಚಿಟಗುಪ್ಪ ಮತ್ತು ಅದರ ಸುತ್ತಲಿನ ಸೀಮೆ ಅನುಕೂಲವಾದ ನೆಲೆ. ಹುಮನಾಬಾದ ತಾಲೂಕಿನ ಭಾಗವಾಗಿದ್ದು ಈಗ ಸ್ವತಂತ್ರ ತಾಲೂಕಾಗಿರುವ ಈ ಊರಿಗೆ ಶರಣರ ಕಲ್ಯಾಣವೂ ಮಾಣಿಕಪ್ರಭುಗಳ ಮಾಣಿಕನಗರವೂ ಸಮೀಪ. ತೆಲಂಗಾಣದ ಗಡಿಯೂ ಮಹಾರಾಷ್ಟ್ರದ ಗಡಿಯೂ ದೂರವಿಲ್ಲ. ಕನ್ನಡ, ದಖ್ಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. ಎಂಟು ವರ್ಷಗಳ ಅಂತರದಲ್ಲಿ ಎರಡು ಬಾರಿ ರಾಜಕೀಯ ಗುರುತು ಬದಲಾದ ಜನರಿವರು.

ಮೊದಲಿಗೆ ಆಡುಮಾತನ್ನೇ ಗಮನಿಸಬಹುದು. ಈ ಸೀಮೆಯ ಕನ್ನಡದಲ್ಲಿ ನಿರಾಕರಣೆಯ ಅತಿ ಸಾಮಾನ್ಯ ರೂಪ ‘ಇಲ್ರಿ’, ‘ಅಲ್ರಿ’, ‘ಹಂಗಲ್ರಿ’. ಒಪ್ಪುವುದಿಲ್ಲವೆಂಬ ಮಾತೂ ಎದುರಿನವರಿಗೆ ಸಲ್ಲುವ ಗೌರವವೂ ಒಂದೇ ಪದದೊಳಗೆ ಕೂಡಿವೆ. ದಖ್ಖನಿಯ ‘ನೈ ಜೀ’, ಮರಾಠಿಯ ‘ನಾಹೀ ಹೋ’ ಮಾಡುವ ಕೆಲಸವೂ ಇದೇ. ಸಂಬಂಧವಾಚಕಗಳೂ ಹೀಗೆಯೇ. ಹಿರಿಯರನ್ನು ‘ಕಾಕಾ’ ಎನ್ನುವಾಗ ಅವರ ಪಕ್ಷ, ಪಂಥಗಳ ವಿಚಾರಣೆ ಅಲ್ಲಿ ನಡೆಯುವುದಿಲ್ಲ. ಚುನಾವಣೆಯ ದಿನಗಳಲ್ಲಿ ಚಹಾ ಅಂಗಡಿಯ ಮುಂದೆ ಕಟುವಾದ ಮಾತು ನಡೆಯುವಾಗಲೂ ‘ಕಾಕಾ, ನಿಮ್ದು ತಪ್ಪದರಿ’ ಎಂಬ ಬಗೆಯ ವಾಕ್ಯರಚನೆ ಇಲ್ಲಿ ಸಹಜ. ಭಾಷೆಯೊಳಗಿನ ಈ ಸೌಲಭ್ಯವನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಈ ‘ರಿ’ ಎಲ್ಲರಿಗೂ ಸಮನಾಗಿ ಸಂದುದಲ್ಲ. ದಲಿತರನ್ನು ವಯಸ್ಸಿನ ಲೆಕ್ಕವಿಲ್ಲದೆ ಏಕವಚನದಲ್ಲಿ ಕರೆದ ಊರುಗಳೂ ಇವೇ. ಮರ್ಯಾದೆಯ ವ್ಯಾಕರಣಕ್ಕೆ ಜಾತಿಯ ಗಡಿಯಿತ್ತು.

ಹನ್ನೆರಡನೆಯ ಶತಮಾನದ ಶರಣರ ಮುಖ್ಯ ಹೊಡೆತ ಬಿದ್ದುದು ಈ ಗಡಿಯ ಮೇಲೆಯೇ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತೆಂದು ಬಣ್ಣಿಸುವುದು ಈಚಿನ ವಾಡಿಕೆ. ಈ ಹೋಲಿಕೆ ಅಭಿಮಾನದಿಂದ ಹುಟ್ಟಿದ್ದರೂ ಪಠ್ಯದ ಆಧಾರವನ್ನು ಸಡಿಲಗೊಳಿಸುತ್ತದೆ. ಶರಣರ ಗೋಷ್ಠಿಯ ವಿಸ್ತಾರವಾದ ಚಿತ್ರ ದೊರೆಯುವುದು ಶೂನ್ಯಸಂಪಾದನೆಗಳಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಗೂಳೂರು ಸಿದ್ಧವೀರಣ್ಣನವರೆಗೆ ನಾಲ್ವರು ಸಂಪಾದಕರು ವಚನಗಳನ್ನು ಸಂವಾದರೂಪದಲ್ಲಿ ಹೊಂದಿಸಿದ್ದು ಕಲ್ಯಾಣದ ಘಟನೆಗಳು ನಡೆದು ಶತಮಾನಗಳು ಕಳೆದ ಮೇಲೆ. ಆದ್ದರಿಂದ ಅಲ್ಲಿರುವುದು ಗೋಷ್ಠಿಯ ವರದಿಯಲ್ಲ. ಸಂವಾದ ಹೀಗಿರಬೇಕೆಂದು ನಂತರದ ಕಾಲ ಕಟ್ಟಿಕೊಂಡ ಮಾದರಿ. ಆ ಮಾದರಿಯಲ್ಲಿ ಮತ ಎಣಿಸುವ ಪದ್ಧತಿ ಎಲ್ಲಿಯೂ ಇಲ್ಲ. ವಾದವೊಂದು ಮುಗಿಯುವುದು ಬಹುಮತದಿಂದಲ್ಲ, ಪ್ರಶ್ನಿಸಿದವನೇ ಒಪ್ಪಿಕೊಂಡಾಗ.

ಅಲ್ಲಮನ ಮಾತಿನ ರೀತಿ ಇಂದಿನ ಅರ್ಥದ ಸಭ್ಯತೆಗೆ ಒಗ್ಗುವುದಿಲ್ಲ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಆತ ಒಡ್ಡನೆಂದು ಕರೆಯುತ್ತಾನೆ. ಕೆಲಸಗಾರರು ಕಲ್ಲು ಬೀರುತ್ತಾರೆ. ಅದೇ ಪ್ರಸಂಗ ಇಬ್ಬರೂ ಕೂಡಿ ಕಲ್ಯಾಣಕ್ಕೆ ನಡೆಯುವುದರಲ್ಲಿ ಮುಗಿಯುತ್ತದೆ. ಅಕ್ಕಮಹಾದೇವಿಯ ಆಗಮನದಲ್ಲಿಯೂ ಪ್ರಶ್ನೆಗಳು ಮೃದುವಲ್ಲ. ತುಂಬಿದ ಗೋಷ್ಠಿಯಲ್ಲಿ ಆಕೆಯ ಗಂಡ, ಆಕೆಯ ದೇಹ, ಆಕೆ ಮರೆಮಾಡಿಕೊಂಡ ಕೂದಲು ಎಲ್ಲವೂ ವಿಚಾರಣೆಗೆ ಬರುತ್ತವೆ. ಪ್ರತಿಯೊಂದಕ್ಕೂ ಆಕೆ ಉತ್ತರಿಸುವವರೆಗೆ ಗೋಷ್ಠಿ ಕಾಯುತ್ತದೆ, ಅನಂತರ ಪ್ರಶ್ನಿಸಿದವನೇ ಕೈಮುಗಿಯುತ್ತಾನೆ. ಇಲ್ಲಿ ಗೌರವ ಮಾತಿನ ಮೃದುತ್ವದಲ್ಲಿಲ್ಲ. ಎದುರಿನವರಿಗೆ ಉತ್ತರವಿದೆಯೆಂದು ನಂಬಿ ಪ್ರಶ್ನಿಸುವುದರಲ್ಲಿ, ಆ ಉತ್ತರಕ್ಕೆ ಬಾಗುವುದರಲ್ಲಿದೆ. ಹೆಚ್ಚು ಅಕ್ಕಿ ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ತಿದ್ದುವ ಪ್ರಸಂಗದಲ್ಲಂತೂ ಈ ಬಾಗುವಿಕೆ ಅಡುಗೆಮನೆಯವರೆಗೂ ಇಳಿದಿದೆ.

ಇದರ ಇನ್ನೊಂದು ಮುಖವನ್ನೂ ಹೇಳದೆ ಇರುವಂತಿಲ್ಲ. ಗೋಷ್ಠಿಯೊಳಗೆ ನಡೆದ ವಾದ ಊರಿನೊಳಗೆ ನಡೆಯಲಿಲ್ಲ. ಹರಳಯ್ಯ–ಮಧುವರಸರ ಮಕ್ಕಳ ಮದುವೆಯನ್ನು ಕುರಿತ ಭಿನ್ನಾಭಿಪ್ರಾಯ ಪ್ರಶ್ನೋತ್ತರದಲ್ಲಿ ಇತ್ಯರ್ಥವಾಗಲಿಲ್ಲ. ಎಳೆಹೂಟೆಯ ಶಿಕ್ಷೆ, ಬಿಜ್ಜಳನ ಕೊಲೆ, ಶರಣರ ಚದುರುವಿಕೆಗಳಲ್ಲಿ ಮುಗಿಯಿತೆಂದು ಪರಂಪರೆ ಹೇಳುತ್ತದೆ. ವಚನ ಸಾಹಿತ್ಯದ ಸಂಶೋಧನೆಗೆ ಬದುಕನ್ನೇ ಮುಡಿಪಿಟ್ಟ ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲಿ ಹತ್ಯೆಗೊಳಗಾದದ್ದು 2015ರ ಆಗಸ್ಟ್ 30ರಂದು. ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆಯ ದೊಡ್ಡ ಸಮಾವೇಶ 2017ರ ಜುಲೈನಲ್ಲಿ ಬೀದರದಲ್ಲಿ ನಡೆದ ಮೇಲೆ ವೀರಶೈವ–ಲಿಂಗಾಯತ ಚರ್ಚೆ ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೂ ಬಿರುಸಾಯಿತು. ಮೂಲ ಅನುಭವ ಮಂಟಪವಿದ್ದ ಜಾಗ ಬಸವಕಲ್ಯಾಣದ ಪೀರ್ ಪಾಷಾ ಬಂಗಲೆಯೆಂಬ ವಾದ 2022ರಲ್ಲಿ ಸಾರ್ವಜನಿಕ ವಿವಾದವಾಯಿತು. ಸಂವಾದದ ಸ್ಥಳವೇ ವಿವಾದದ ವಸ್ತುವಾದದ್ದು ಕಾಲದ ವ್ಯಂಗ್ಯವೆನ್ನಬೇಕು.

ಶೂನ್ಯಸಂಪಾದನೆ ಬರಹದ ಪರಂಪರೆ. ಅದೇ ಬಗೆಯ ವಾದಶಿಸ್ತು ಬಾಯಿಮಾತಿನಲ್ಲಿ ಬೆಳೆದಿರುವುದನ್ನು ನೋಡಬೇಕಾದರೆ ಹರದೇಶಿ–ನಾಗೇಶಿ ಹಾಡಿಕೆಯ ಕಡೆಗೆ ತಿರುಗಬೇಕು. ಇದರ ಮುಖ್ಯ ನೆಲೆ ಚಿಟಗುಪ್ಪ ಸೀಮೆಯಲ್ಲ. ಕೃಷ್ಣಾ–ಭೀಮಾ ನದಿಗಳ ಬಯಲು, ಅಂದರೆ ವಿಜಯಪುರ, ಬೆಳಗಾವಿ, ಬಾಗಲಕೋಟೆ, ಕಲಬುರಗಿ ಜಿಲ್ಲೆಗಳು. ಆದರೂ ಈ ಪ್ರಕಾರದ ಬೇರು ಕನ್ನಡ–ಮರಾಠಿ–ದಖ್ಖನಿಗಳು ಕೂಡುವ ಮಣ್ಣಿನಲ್ಲಿಯೇ ಇರುವುದರಿಂದ ಬೀದರ ಪರಿಸರದ ವಿವೇಚನೆಗೆ ಅದು ಹೊರಗಿನದಲ್ಲ. ಮರಾಠಿಯಲ್ಲಿ ಇದು ಕಲ್ಗಿ–ತುರಾ. ರಾಜಸ್ಥಾನದವರೆಗೂ ಹಬ್ಬಿರುವ ಐತಿಹ್ಯದ ಪ್ರಕಾರ, ಚಂದೇರಿಯ ಅರಸನ ಆಸ್ಥಾನದಲ್ಲಿ ತುಕನಗೀರನೆಂಬ ಗೋಸಾವಿಯೂ ಶಾ ಅಲಿಯೆಂಬ ಫಕೀರನೂ ಹಾಡಿನಲ್ಲಿ ವಾದಕ್ಕಿಳಿದರು; ಇಬ್ಬರನ್ನೂ ಮೆಚ್ಚಿದ ಅರಸ ತನ್ನ ಮುಡಿಯ ತುರಾಯಿಯನ್ನು ಒಬ್ಬನಿಗೆ, ಕಲ್ಗಿಯನ್ನು ಇನ್ನೊಬ್ಬನಿಗೆ ಕೊಟ್ಟ. ಈ ಕಥೆ ಚರಿತ್ರೆಯೋ ಅಲ್ಲವೋ, ಅದರ ಆಶಯ ಮಾತ್ರ ಸ್ಪಷ್ಟ. ಒಂದೇ ಪಾಗಿನ ಎರಡು ಆಭರಣಗಳು ಎರಡು ಪಕ್ಷಗಳಾದವು. ಯಾರು ಗೆದ್ದರೆಂಬುದನ್ನು ಐತಿಹ್ಯ ಹೇಳುವುದೇ ಇಲ್ಲ.

ಕನ್ನಡದಲ್ಲಿ ಹರದೇಶಿಯವರದು ತುರಾಯಿ, ನಾಗೇಶಿಯವರದು ಕಲ್ಗಿ. ಹರನೇ ಹೆಚ್ಚು, ಗಂಡೇ ಹೆಚ್ಚು ಎಂಬುದು ಮೊದಲಿನವರ ವಾದ. ಶಕ್ತಿಯೇ ಹೆಚ್ಚು, ಹೆಣ್ಣೇ ಹೆಚ್ಚು ಎಂಬುದು ಎರಡನೆಯವರದು. ಡಪ್ಪು, ತುಂತುಣಿ, ತಾಳಗಳೊಂದಿಗೆ ಮುಂದಿನವನು ಪದ ಎತ್ತಿದರೆ ಹಿಂದಿನವರು ‘ಗೀ ಗೀ’ ಎಂದು ಸೊಲ್ಲು ಹಿಡಿಯುತ್ತಾರೆ. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರಾದರೆ ಬೆಳಗಿನವರೆಗೂ ಸವಾಲು–ಜವಾಬು ಸಾಗುತ್ತದೆ.

ಈ ಹಾಡಿಕೆಯಲ್ಲಿ ಅಲಿಖಿತವಾಗಿರುವ ಕಟ್ಟುಪಾಡುಗಳೇ ವಿಮರ್ಶೆಯ ಗಮನಕ್ಕೆ ಬರಬೇಕಾದವು. ಸವಾಲು ಮುಗಿಯುವವರೆಗೆ ಎದುರಿನ ಮೇಳದವರು ಡಪ್ಪಿನ ಮೇಲೆ ಕೈ ಹಾಕುವಂತಿಲ್ಲ. ಜವಾಬು ಕೊಡುವವರು ಸವಾಲಿನ ವಸ್ತುವನ್ನು ಎತ್ತಿಕೊಂಡೇ ಮುಂದುವರಿಯಬೇಕು. ಬೇರೆ ಕಥೆಗೆ ಹಾರಿದರೆ ಕೇಳುವ ಜನವೇ ತಡೆಯುತ್ತಾರೆ. ಸವಾಲು ಬಂದ ಧಾಟಿಯಲ್ಲಿಯೇ ಜವಾಬು ಹೋಗುವುದು ಜಾಣತನದ ಗುರುತು. ಅಂದರೆ ಎದುರಾಳಿಯ ಮಾತಿನ ಅರ್ಥವಷ್ಟೇ ಅಲ್ಲ, ಅವನ ರಾಗವೂ ನಾಲಗೆಗೆ ಹತ್ತಿರಬೇಕು. ರೇಣುಕೆ–ಪರಶುರಾಮರ ಕಥೆಯನ್ನು ತೆಗೆದುಕೊಂಡರೆ, ತಂದೆಯ ಮಾತನ್ನು ನಡೆಸಿದ ಮಗನ ಹಿರಿಮೆಯನ್ನು ಹರದೇಶಿಯವರು ಹಾಡಬಲ್ಲರು; ಹೆತ್ತವಳ ತಲೆ ಕಡಿದ ಮಗನ ಪಾಪವನ್ನು ನಾಗೇಶಿಯವರು ಎತ್ತಬಲ್ಲರು. ಎರಡು ವಾದಕ್ಕೂ ಪುರಾಣ ಒಂದೇ. ಎದುರಿನ ಪಕ್ಷ ಯಾವ ಕಡೆಯಿಂದ ಬರುವುದೆಂಬುದನ್ನು ಮೊದಲೇ ಬಲ್ಲವನಷ್ಟೇ ಇಲ್ಲಿ ನಿಲ್ಲಬಲ್ಲ. ಕುಟುಕು, ವ್ಯಂಗ್ಯ, ಮೂದಲಿಕೆಗಳಿಗೆ ಧಾರಾಳವಾಗಿ ಅವಕಾಶವಿದೆ. ಎದುರು ಮೇಳವನ್ನು ಅಂಗಳದಿಂದ ಎಬ್ಬಿಸಿ ಕಳಿಸುವುದಕ್ಕೆ ಮಾತ್ರ ಅವಕಾಶವಿಲ್ಲ, ಏಕೆಂದರೆ ಅವರು ಎದ್ದುಹೋದರೆ ತನ್ನ ಹಾಡಿಕೆಯೂ ನಿಲ್ಲುತ್ತದೆ. ಕೊನೆಗೆ ಗಂಡು–ಹೆಣ್ಣು ಎರಡೂ ಸಮವೆಂಬ ಮಂಗಳದೊಂದಿಗೆ ಹಾಡಿಕೆ ಮುಗಿಯುವುದು ರೂಢಿ. ಸೌಹಾರ್ದದ ಪರಿಭಾಷೆ ಈ ಮಂಗಳವನ್ನೊಂದೇ ಹಿಡಿದುಕೊಂಡು ರಾತ್ರಿಯಿಡೀ ನಡೆದ ವಾದವನ್ನು ಪೀಠಿಕೆಯ ಮಟ್ಟಕ್ಕೆ ಇಳಿಸಿದೆ. ಮಂಗಳಕ್ಕೆ ಬೆಲೆ ಬಂದದ್ದು ರಾತ್ರಿಯ ವಾದದಿಂದ ಎಂಬುದು ಹಾಡುವವರಿಗೆ ಗೊತ್ತಿತ್ತು.

ಅಚ್ಚಿನ ಸಂಗ್ರಹಗಳು ಈ ಇಳಿಕೆಗೆ ತಿಳಿಯದೆಯೇ ನೆರವಾದವು. ಹಲಸಂಗಿ ಗೆಳೆಯರು 1930ರ ದಶಕದಲ್ಲಿ ಮಾಡಿದ ಕೆಲಸಕ್ಕೆ ಕನ್ನಡ ಜಾನಪದ ಎಂದೆಂದಿಗೂ ಋಣಿ. ‘ಗರತಿಯ ಹಾಡು’ ತ್ರಿಪದಿಗಳಿಗೆ ಕೊಟ್ಟ ಮಾನ್ಯತೆಯನ್ನು 1933ರ ‘ಜೀವನ ಸಂಗೀತ’ ಲಾವಣಿಗಳಿಗೆ ದೊರಕಿಸಿತು. ಆದರೆ ಅಂದಿನಿಂದ ಮುಂದುವರಿದ ಸಂಗ್ರಹ ಪದ್ಧತಿಯಲ್ಲಿ ಪದವನ್ನು ಆಯುವ ಮಾನದಂಡ ಅದರ ಕಾವ್ಯಗುಣ. ಸೊಗಸಾದ ಸವಾಲು ಪುಸ್ತಕ ಸೇರಿತು. ಅಷ್ಟು ಸೊಗಸಲ್ಲದ ಜವಾಬು ಹೊರಗುಳಿಯಿತು. ಜೋಡಿಯಾಗಿ ಹುಟ್ಟಿದ ಪದ ಒಂಟಿ ಕವಿತೆಯಾಯಿತು. ಕನ್ನಡದ ಲಾವಣಿ ವಿಮರ್ಶೆ ಬಹುಮಟ್ಟಿಗೆ ಈ ಒಂಟಿ ಕವಿತೆಗಳ ವಿಮರ್ಶೆಯೇ.

ರಾಜಕಾರಣವೂ ಇದೇ ಕೆಲಸವನ್ನು ಬೇರೆ ದಾರಿಯಿಂದ ಮಾಡಿತು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಲಕುಂದದ ಭೀಮಕವಿಯಂಥವರು ಗೀಗೀ ಪದಗಳನ್ನು ದೇಶಭಕ್ತಿಗೆ ತಿರುಗಿಸಿದ್ದು ಚಾರಿತ್ರಿಕವಾಗಿ ಮಹತ್ವದ ಸಂಗತಿ. ಅಲ್ಲಿ ಎದುರಾಳಿ ಪರಕೀಯ ಸರ್ಕಾರ. ಅದು ಅಂಗಳಕ್ಕೆ ಬಂದು ಜವಾಬು ಹಾಡುವಂತಿರಲಿಲ್ಲ. ಮುಂದೆ ಕುಟುಂಬ ಯೋಜನೆ, ಸಾಕ್ಷರತೆ, ಸರ್ಕಾರದ ಯೋಜನೆಗಳ ಪ್ರಚಾರಕ್ಕೆ, ಅನಂತರ ಚುನಾವಣೆಯ ಪ್ರಚಾರಕ್ಕೆ ಗೀಗೀ ಮೇಳಗಳು ಬಂದಾಗ ಈ ಒಂದೇ ಮೇಳದ ಪದ್ಧತಿಯೇ ಮುಂದುವರಿಯಿತು. ಡಪ್ಪು ಅದೇ, ಸೊಲ್ಲು ಅದೇ. ಎದುರಿನ ಚಾಪೆ ಮಾತ್ರ ಖಾಲಿ. ಪ್ರಕಾರ ಉಳಿದಿದೆಯೆಂದು ಅಕಾಡೆಮಿಗಳು ಸಂತೋಷಪಡುವಾಗ ಉಳಿದಿರುವುದು ಅದರ ಅರ್ಧವೆಂಬುದನ್ನು ಹೇಳುವವರಿರಬೇಕು.

ಹರದೇಶಿ–ನಾಗೇಶಿಯನ್ನು ಆದರ್ಶವೆಂದು ಎತ್ತಿ ಹಿಡಿಯುವುದಕ್ಕೂ ಅಡ್ಡಿಗಳಿವೆ. ಹೆಣ್ಣೇ ಹೆಚ್ಚೆಂದು ವಾದಿಸುವ ನಾಗೇಶಿ ಪದಗಳನ್ನು ಕಟ್ಟಿದವರಲ್ಲಿ ಗಂಡಸರೇ ಬಹುಮಂದಿ. ಆ ಪದಗಳನ್ನು ಹಾಡಲು ನಿಂತ ಹೆಣ್ಣುಮಕ್ಕಳಲ್ಲಿ ಅನೇಕರು ತಳಜಾತಿಗಳಿಂದ, ದೇವದಾಸಿ ಹಿನ್ನೆಲೆಯಿಂದ ಬಂದವರು. ಅಂಗಳದಲ್ಲಿ ಶಕ್ತಿಯಾಗಿ ಗೆದ್ದವಳಿಗೆ ಊರಿನಲ್ಲಿ ಬೇರೆಯದೇ ಸ್ಥಾನ. ಎದುರು ಮೇಳದ ಕುಟುಕು ಹಲವು ಸಲ ಅಶ್ಲೀಲಕ್ಕೆ ಇಳಿದಾಗ ಅದನ್ನು ನುಂಗಿಕೊಂಡು ಜವಾಬು ಹಾಡಬೇಕಾದವಳೂ ಅವಳೇ. ಮಾತಿನ ಕಟ್ಟುಪಾಡು ಅಂಗಳದ ಅಂಚಿನವರೆಗೆ ಮಾತ್ರ.

ಚಿಟಗುಪ್ಪ ಸೀಮೆಯೊಳಗೇ ಹುಟ್ಟಿದ ಇನ್ನೊಂದು ದಾರಿ ಮಾಣಿಕಪ್ರಭುಗಳದು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ 1865ರಲ್ಲಿ ಮಾಣಿಕನಗರದಲ್ಲಿ ಸಮಾಧಿಸ್ಥರಾದ ಅವರು ಪ್ರವರ್ತಿಸಿದ್ದು ಸಕಲಮತ ಸಂಪ್ರದಾಯ. ಮರಾಠಿ, ಕನ್ನಡ, ಹಿಂದೂಸ್ತಾನಿ ಮೊದಲಾದ ಭಾಷೆಗಳಲ್ಲಿ ಅವರು ಪದಗಳನ್ನು ರಚಿಸಿದರು. ಎಲ್ಲ ಮತಗಳೂ ಒಪ್ಪಿತವೆಂಬ ಈ ನಿಲುವು ಸವಾಲು–ಜವಾಬಿಗಿಂತ ತಾತ್ವಿಕವಾಗಿ ಭಿನ್ನ. ಇಲ್ಲಿ ಎಲ್ಲ ಪಕ್ಷಗಳೂ ಒಂದೇ ಚಪ್ಪರದ ಕೆಳಗೆ ಬರುತ್ತವೆ, ಎದುರುಬದುರು ಕೂಡುವುದಿಲ್ಲ. ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಖೈನೂರಿನ ಕೃಷ್ಣಪ್ಪನವರೂ ಜೊತೆಯಾದುದಕ್ಕೆ ಇಂತಹುದೇ ಒಂದು ಚಪ್ಪರ ಕಾರಣ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಕೃತಿಗಳು ಈ ಬೆರೆಯುವಿಕೆಯನ್ನು ಕ್ಷೇತ್ರಕಾರ್ಯದ ಬಲದಿಂದ ತೋರಿಸಿಕೊಟ್ಟವು. ಅವುಗಳ ಬೆನ್ನಿಗೆ ಬಂದ ಹಲವು ಕಿರುಬರಹಗಳು ಕ್ಷೇತ್ರಕಾರ್ಯವನ್ನು ಬಿಟ್ಟು ತೀರ್ಮಾನವನ್ನಷ್ಟೇ ಎತ್ತಿಕೊಂಡವು. ಚಪ್ಪರ ದೊಡ್ಡದೇ. ಅದರಡಿಯಲ್ಲಿ ಕುಳಿತು ಹೇಳಲಾಗದ ಸಂಗತಿಗಳೂ ಇದ್ದವೆಂಬುದು ಅವುಗಳಲ್ಲಿ ಕಾಣುವುದಿಲ್ಲ.

ಗಡಿಯ ಪ್ರಶ್ನೆ ಬಂದಾಗ ಈ ಸೀಮೆ ಒಂದು ಒಳ್ಳೆಯ ಉದಾಹರಣೆಯನ್ನು ಕೊಟ್ಟಿತು. ಹಳೆಯ ಬೀದರ ಜಿಲ್ಲೆ 1956ರಲ್ಲಿ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉಳಿದ ಭಾಗದ ಮೇಲೂ ಮಹಾರಾಷ್ಟ್ರದ ಬೇಡಿಕೆ ನಿಲ್ಲಲಿಲ್ಲ. ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಜಯದೇವಿತಾಯಿ ಲಿಗಾಡೆಯವರು ಅದೇ ಕಾಲದಲ್ಲಿ ವಚನಗಳನ್ನು ಮರಾಠಿ ಓದುಗರಿಗೆ ತಲುಪಿಸಿದವರು. ಮಂಡ್ಯದಲ್ಲಿ 1974ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆಯಾದ ಅವರು ಕೊನೆಯ ವರ್ಷಗಳನ್ನು ಬಸವಕಲ್ಯಾಣದಲ್ಲಿ ಕಳೆದರು. ತಾನು ವಿರೋಧಿಸುವ ಪಕ್ಷದ ಭಾಷೆಯಲ್ಲಿ ತನಗೆ ಅತಿಪ್ರಿಯವಾದುದನ್ನು ಹೇಳುವುದು ಧಾಟಿ ಹಿಡಿದು ಜವಾಬು ಕೊಡುವುದಕ್ಕೆ ಸಮೀಪದ್ದು.

1948ರ ವಿಷಯ ಇಷ್ಟು ಸುಲಭದ್ದಲ್ಲ. ಆ ವರ್ಷದ ಮೇ ತಿಂಗಳಲ್ಲಿ ಈಗಿನ ಹುಲಸೂರು ತಾಲೂಕಿನ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದಲ್ಲಿ ಸುಮಾರು 200 ಜನ ಪ್ರಾಣ ತೆತ್ತರೆಂದು ಹೇಳಲಾಗುತ್ತದೆ. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆ ಕೊನೆಗೊಂಡಿತು. ಅದರ ಸಂದರ್ಭದಲ್ಲಿಯೂ ಅದಾದ ಮೇಲೂ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಪರಿಶೀಲಿಸಲು ನೆಹರೂ ಅವರು ಪಂಡಿತ ಸುಂದರಲಾಲ್ ನೇತೃತ್ವದ ತಂಡವನ್ನು ಕಳಿಸಿದರು. ಆ ವರದಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಗುಲಬರ್ಗಾವೂ ಸೇರಿದ್ದವು. ದಶಕಗಳ ಕಾಲ ಅಪ್ರಕಟಿತವಾಗಿದ್ದ ಅದು ಸಾರ್ವಜನಿಕ ಓದಿಗೆ ದೊರೆತದ್ದು 2013ರಲ್ಲಿ. ಗೋರಟಾದಲ್ಲಿ ಹುತಾತ್ಮ ಸ್ಮಾರಕ ಉದ್ಘಾಟನೆಗೊಂಡದ್ದು 2023ರ ಮಾರ್ಚಿನಲ್ಲಿ. ಪ್ರತಿವರ್ಷ ಸೆಪ್ಟೆಂಬರ್ 17 ಬಂದಾಗ ಒಬ್ಬರು ಒಂದನ್ನು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದನ್ನು. ಒಂದು ದುಃಖವನ್ನು ಹೇಳುವುದು ಇನ್ನೊಂದನ್ನು ಅಲ್ಲಗಳೆಯುವುದೆಂದೇ ಎರಡೂ ಕಡೆಯವರು ತಿಳಿಯುವಂತಾಗಿದೆ.

ಸೌಹಾರ್ದದ ಪರಿಭಾಷೆ ಇಲ್ಲಿ ಮೂಕವಾಗುತ್ತದೆ. ಮೊಹರಮ್ಮಿನಲ್ಲಿ ಕೂಡಿ ಹೆಜ್ಜೆ ಹಾಕಿದ ಊರುಗಳಲ್ಲಿಯೇ ಇದೆಲ್ಲ ಹೇಗೆ ನಡೆಯಿತೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆದುದರಿಂದಲೇ ಬೀದರ ಜಾನಪದದ ಬರಹಗಳು ಆ ವರ್ಷವನ್ನು ದಾಟಿ ಹೋಗುತ್ತವೆ. ಗಮನಿಸಬೇಕಾದ ಅಂಶವೆಂದರೆ ಸುಂದರಲಾಲ್ ವರದಿಯ ರಚನೆ. ಮುಸ್ಲಿಮರ ಸಾವುನೋವುಗಳನ್ನು ದಾಖಲಿಸುವ ಆ ವರದಿಯೇ ರಜಾಕಾರರು ಊರೂರಿಗೆ ಹೇರಿದ ವಸೂಲಿಯನ್ನೂ ಮಾಡಿದ ಲೂಟಿಯನ್ನೂ ಹೇಳುತ್ತದೆ. ಪ್ರಾಣದ ಹಂಗು ತೊರೆದು ಮುಸ್ಲಿಂ ನೆರೆಹೊರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಅದು ನೆನೆಯುತ್ತದೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ರಕ್ಷಣೆಗೆ ನಿಂತ ಪ್ರಸಂಗಗಳೂ ಅದರಲ್ಲಿವೆ. ಹಾಡಿಕೆಯ ಮಾತಿನಲ್ಲಿ ಹೇಳುವುದಾದರೆ, ಎದುರಿನವರ ಸವಾಲನ್ನು ಎತ್ತಿಕೊಂಡೇ ಕೊಟ್ಟ ಜವಾಬು ಅದು. ವರದಿಯನ್ನು ಇಂದು ಉಲ್ಲೇಖಿಸುವವರೂ ಅಲ್ಲಗಳೆಯುವವರೂ ಈ ಅಂಶವನ್ನು ಬಿಟ್ಟೇ ಮಾತನಾಡುತ್ತಾರೆ.

ಜಾನಪದ ಸಂಶೋಧನೆಗೆ ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಅದು ಉಪದೇಶದ್ದಲ್ಲ, ಸಂಗ್ರಹದ್ದು. ಗೋರಟಾ ಕಡೆಯ ಮನೆಗಳ ಕಥನಗಳನ್ನೂ ಆ ಸೆಪ್ಟೆಂಬರಿನಲ್ಲಿ ಗಂಡಂದಿರನ್ನು ಕಳೆದುಕೊಂಡ ಮುಸ್ಲಿಂ ಹೆಣ್ಣುಮಕ್ಕಳ ಕುಟುಂಬಗಳ ಕಥನಗಳನ್ನೂ ಬೇರೆ ಬೇರೆ ಸಂಪುಟಗಳಲ್ಲಿ, ಬೇರೆ ಬೇರೆ ಮುನ್ನುಡಿಗಳೊಂದಿಗೆ ಪ್ರಕಟಿಸಿದರೆ ಎರಡು ಒಂಟಿ ಮೇಳಗಳು ಸಿದ್ಧವಾಗುತ್ತವೆ. ಒಂದು ಪುಟದ ಎದುರಿಗೆ ಇನ್ನೊಂದು ಪುಟ ಬರುವಂತೆ, ಹೇಳಿದವರ ಮಾತಿನಲ್ಲಿಯೇ, ಕನ್ನಡವಿದ್ದಲ್ಲಿ ಕನ್ನಡ, ದಖ್ಖನಿಯಿದ್ದಲ್ಲಿ ಕನ್ನಡ ಲಿಪಿಯ ದಖ್ಖನಿ ಇರುವಂತೆ ಅವುಗಳನ್ನು ಜೋಡಿಸುವುದು ಸಾಧ್ಯ. ನಾಲ್ಕು ಭಾಷೆ ಬಲ್ಲ ಕ್ಷೇತ್ರಕಾರ್ಯಕರ್ತರು ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣಗಳ ಕಾಲೇಜುಗಳಲ್ಲಿಯೇ ಸಿಗುತ್ತಾರೆ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ.